ಮೋರಿ ಎಂಬ ಅಡ್ಡಹೆಸರು

ಸುರುಳಿ ಸುತ್ತಿದ ಹಳದಿ ಚಾರ್ಟು ನಿಸರ್ಗಾಳ ಮೊಣಕಾಲುಗಳ ನಡುವೆ ನೆಟ್ಟಗೆ ನಿಂತಿತ್ತು. ಕಾರು ತಿರುಗಿದಾಗಲೆಲ್ಲ ಅದು ಹನುಮಂತರಾಜುವಿನ ತೋಳಿಗೆ ತಾಗುತ್ತಿತ್ತು, ತಾಗಿದಾಗಲೆಲ್ಲ ಅವನು ಬಿಸಿ ತಪ್ಪಲೆ ಮುಟ್ಟಿದವನಂತೆ ಕೈ ಎಳೆದುಕೊಳ್ಳುತ್ತಿದ್ದ. ಅದರೊಳಗೆ ಏನಿದೆಯೆಂದು ಕಾರಿನಲ್ಲಿದ್ದ ನಾಲ್ವರಲ್ಲಿ ಇಬ್ಬರಿಗೆ ಮಾತ್ರ ಗೊತ್ತು: ಬರೆದ ಹತ್ತು ವರ್ಷದ ಮೊಮ್ಮಗಳಿಗೆ, ಬರೆಸಿದ ತಾತನಿಗೆ. ಮುಂದೆ ಕೂತಿದ್ದ ಮಗಳು ಲಾಸ್ಯಾಳಿಗೆ ಗೊತ್ತಿಲ್ಲ. ಕಾರು ಓಡಿಸುತ್ತಿದ್ದ ಅಳಿಯ ಗ್ರೆಗ್ ಮೋರಿಗೆ ಗೊತ್ತಿಲ್ಲ. ಪ್ಲೆಸೆಂಟನ್ ಬಿಟ್ಟು ಹತ್ತು ನಿಮಿಷವಾಗಿತ್ತು, ಫ್ರೀವೇಯ ಎರಡೂ ಕಡೆ ಒಣಗಿದ ಗುಡ್ಡಗಳು ಹೇಸರಗತ್ತೆಯ ಬೆನ್ನಿನ ಬಣ್ಣಕ್ಕೆ ತಿರುಗಿದ್ದವು. ಇನ್ನು ಅರ್ಧ ಗಂಟೆಯೊಳಗೆ ಹೇವರ್ಡಿನಲ್ಲಿ, ಗ್ರೆಗ್‌ನ ಅಪ್ಪನ ಮನೆಯ ಊಟದ ಮೇಜಿನ ಮುಂದೆ ನಿಂತು ಹುಡುಗಿ ಇದನ್ನು ಬಿಡಿಸಿ ಗಟ್ಟಿಯಾಗಿ ಓದುತ್ತಾಳೆ. ಸೋಮವಾರ ಸ್ಕೂಲಿನಲ್ಲಿ ಓದುವುದಕ್ಕೆ ಶನಿವಾರ ಪ್ರಾಕ್ಟೀಸು. ಚಾರ್ಟಿನ ತಲೆಬರಹ: ನನ್ನ ಲಾಸ್ಟ್ ನೇಮಿನ ಕಥೆ. ಎರಡು ಕಾಲಮ್ಮು, ಜಪಾನಿ ಒಂದು, ಕನ್ನಡ ಒಂದು. ಜಪಾನಿಯಲ್ಲಿ ಮೋರಿ ಎಂದರೆ ಕಾಡು. ಕನ್ನಡದ ಕಾಲಮ್ಮಿನಲ್ಲಿ, ಹಸಿರು ಮಾರ್ಕರಿನಲ್ಲಿ, ದುಂಡನೆಯ ಇಂಗ್ಲಿಷ್ ಅಕ್ಷರಗಳಲ್ಲಿ: ಗಟರ್.

ಅವನು ಹುಡುಗಿಯ ಕಿವಿಯ ಕಡೆಗೆ ಬಾಗಿದ. "ಮಗ, ಆ ಕನ್ನಡದ್ದು ಅಳಿಸ್ಬುಡು. ತಾತ ತಮಾಸೆಗೆ ಹೇಳ್ದೆ ಅದ."

"ಇಟ್ಸ್ ಪರ್ಮನೆಂಟ್ ಮಾರ್ಕರ್, ತಾತ."

"ಬಿಳಿ ಪೇಪರ್ ಅಂಟಿಸ್ಬುಡು ಮ್ಯಾಲೆ."

"ವೈ? ಇಸ್ ಇಟ್ ರಾಂಗ್?"

ತಪ್ಪಲ್ಲ. ಅದೇ ತೊಂದರೆ.

"ಏನಪ್ಪ ಗುಸುಗುಸು?" ಲಾಸ್ಯಾ ತಿರುಗಿ ನೋಡದೆ ಕೇಳಿದಳು.

"ಏನಿಲ್ಲ ಕಣವ್ವ, ಸೀಟ್ ಬೆಲ್ಟು."

ಗುರುವಾರ ಮಧ್ಯಾಹ್ನ ಅವನು ಅಡುಗೆಮನೆಯಲ್ಲಿ ಫೋನನ್ನು ತುಟಿಗೆ ಹಿಡಿದು, ಜೊತೆಯಲ್ಲಿ ಕೆಲಸ ಮಾಡಿ ರಿಟೈರಾದ ಮಧ್ವೇಶನಿಗೆ ವಾಯ್ಸ್ ನೋಟು ಕಳಿಸುತ್ತಿದ್ದ. ದಿನಕ್ಕೆ ಎಂಟು ಹತ್ತು ಕಳಿಸುತ್ತಿದ್ದ. ಈ ದೇಶದಲ್ಲಿ ಅವನ ಮಾತು ಪೂರ್ತಿ ಕೇಳಿಸಿಕೊಳ್ಳುತ್ತಿದ್ದದ್ದು ಆ ಫೋನಿನ ತಳದ ತೂತು ಮಾತ್ರ. ಆಗ ಹುಡುಗಿ ಬಂದು ಕೇಳಿದಳು, ಟೀಚರ್ ಮನೆಯ ಎಲ್ಲಾ ಭಾಷೆಯಲ್ಲೂ ಅರ್ಥ ಕೇಳಿಕೊಂಡು ಬರಲು ಹೇಳಿದ್ದಾರೆ, ಕನ್ನಡದಲ್ಲಿ ಮೋರಿ ಎಂದರೇನು? ಗೊತ್ತಿಲ್ಲ ಎನ್ನಬಹುದಾಗಿತ್ತು. ಅಂಥ ಪದವೇ ಇಲ್ಲ ಎನ್ನಬಹುದಾಗಿತ್ತು. ಅವನು ಫೋನು ಕೆಳಗಿಟ್ಟು, ಮಗಳ ಮದುವೆಯಾದ ಹನ್ನೆರಡು ವರ್ಷದಿಂದ ಯಾರಾದರೂ ಕೇಳಲೆಂದು ಕಾದಿದ್ದವನಂತೆ, ಸಾವಕಾಶವಾಗಿ, ರುಚಿಯಾಗಿ ಹೇಳಿದ್ದ. ಬಚ್ಚಲ ನೀರು ಹೋಗುವುದು, ಕಕ್ಕಸಿನದೂ ಸೇರಿಕೊಳ್ಳುವುದು, ಮೇಲೆ ಕಲ್ಲು ಚಪ್ಪಡಿ, ತೆಗೆದರೆ ಬೀದಿಯೆಲ್ಲ ನಾತ. ಹುಡುಗಿ ಮುಖ ಸಿಂಡರಿಸಲಿಲ್ಲ. ಬರೆದುಕೊಂಡು ಥ್ಯಾಂಕ್ಸ್ ಎಂದಳು. ಅವಳು ಮಹಡಿಯ ಮೆಟ್ಟಿಲು ಹತ್ತಿದ ಮೇಲೆ ಅವನಿಗೆ ತಾನೇನು ಮಾಡಿದೆನೆಂದು ತಿಳಿದದ್ದು.

ಮದುವೆಯ ವಿಷಯ ಬಂದಾಗ ಮಧ್ವೇಶನಿಗೆ ಕಳಿಸಿದ್ದನ್ನು ಅವನೇ ಎಷ್ಟೋ ಸಲ ಹಾಕಿಕೊಂಡು ಕೇಳಿ ನಕ್ಕಿದ್ದಾನೆ. "ಲೋ ಮಧ್ವೇಶ, ಮೂವತ್ತೊಂದು ವರ್ಸ ಮೋರಿ ಕಟ್ಟಿಸಿ ರಿಟೈರಾದೆ ಕಣೋ. ದ್ಯಾವ್ರು ಅಳಿಯನ್ನೂ ಮೋರಿಯಿಂದ್ಲೇ ಎತ್ತಿ ಕೊಟ್ಟವ್ನೆ." ಹೆಣ್ಣು ಮಗು ಹುಟ್ಟಿ, ಕಾಡಿನ ಪಕ್ಕಕ್ಕೆ ಪ್ರಕೃತಿ ಇರಲಿ ಎಂದು ಗಂಡ ಹೆಂಡತಿ ಅಂತರ್ಜಾಲದಲ್ಲಿ ಹುಡುಕಿ ನಿಸರ್ಗಾ ಎಂದು ಇಟ್ಟಾಗ, ಪುರಸಭೆಯ ಒಳಚರಂಡಿ ವಿಭಾಗದ ಜೂನಿಯರ್ ಎಂಜಿನಿಯರನಾಗಿದ್ದವನಿಗೆ ತಕ್ಷಣ ಕಣ್ಣೆದುರು ಬಂದದ್ದು ಎಸ್ಟಿಮೇಟಿನ ಹಾಳೆ: ನ್ಯಾಚುರಲ್ ಡ್ರೇನು. ಮಳೆನೀರು ತಾನಾಗಿ ಕೊರೆದುಕೊಂಡ ಹಳ್ಳಕ್ಕೆ ಇಲಾಖೆಯ ಹೆಸರು. ನಿಸರ್ಗಾ ಮೋರಿ. ಮಧ್ವೇಶ ಬಿದ್ದು ಬಿದ್ದು ನಕ್ಕು, ಅದನ್ನು ಹತ್ತು ಜನರಿಗೆ ಕಳಿಸಿದ. ಆ ಹತ್ತು ಜನರಲ್ಲಿ ಯಾರೂ ಮಗುವಿನ ಮುಖ ನೋಡಿರಲಿಲ್ಲ.

ನಗುವುದು ಬಿಟ್ಟು ಇನ್ನೇನು ಮಾಡಬಹುದಿತ್ತು. ತಮ್ಮ ಕಡೆ ಲಾಸ್ಟ್ ನೇಮು ಎಂಬ ಪದಾರ್ಥವೇ ಇರಲಿಲ್ಲ, ಇನಿಷಿಯಲ್ಲು ಇತ್ತು. ಓದಲು ಹೊರಟ ಮಗಳಿಗೆ ಪಾಸ್‌ಪೋರ್ಟು ಮಾಡಿಸುವಾಗ ಆ ಖಾನೆ ಖಾಲಿ ಬಿಡಬಾರದೆಂದು ಅಪ್ಪನ ಹೆಸರು ತುಂಬಿದರು. ಹಾಗೆ ಅವನು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಅವನ ಹೆಸರು ಅಮೆರಿಕಕ್ಕೆ ಬಂದಿತ್ತು. ಡಿಗ್ರಿ ಸರ್ಟಿಫಿಕೇಟಿನಲ್ಲಿ, ಬ್ಯಾಂಕಿನ ಕಾರ್ಡಿನಲ್ಲಿ, ಮೊದಲ ಆಫೀಸಿನ ಬಾಗಿಲಲ್ಲಿ: ಲಾಸ್ಯಾ ಹನುಮಂತರಾಜು. ಬಾಗಿಲಿನ ಫೋಟೋ ಅವಳು ಕಳಿಸಿದ್ದಳು. ಅವನು ಅದನ್ನು ದೊಡ್ಡದು ಮಾಡಿಸಿ ಫ್ರೇಮು ಹಾಕಿಸಿದ್ದ. ಮದುವೆಯಾದ ತಿಂಗಳಲ್ಲಿ ಹದಿನಾಲ್ಕು ಇಂಗ್ಲಿಷ್ ಅಕ್ಷರ ಕಳಚಿ ಬಿದ್ದು ಅಲ್ಲಿ ನಾಲ್ಕು ನಿಂತವು. ಯಾರೂ ಹೇಳಲಿಲ್ಲ, ದೀಪಾವಳಿಯ ಇಮೇಲಿನ ಕೊನೆಯಲ್ಲಿ ನೋಡಿದ. ಮೊಮ್ಮಗಳು ಹುಟ್ಟಿದಾಗ ಮಧ್ಯದಲ್ಲಾದರೂ ಸೇರಿಸಿರೆಂದು ಬಾಯಿಬಿಟ್ಟು ಕೇಳಿದ್ದ. ಕೇಳಿದ್ದೇ ಅವಮಾನ. ಅವಳು ಹಾಲು ಕುಡಿಸುತ್ತಾ, ತಲೆ ಎತ್ತದೆ, "ಫಾರ್ಮಲ್ಲಿ ಹಿಡಿಸಲ್ಲಪ್ಪ" ಎಂದಿದ್ದಳು. ಈಗ ಪ್ಲೆಸೆಂಟನ್ನಿನ ಕ್ಲಿನಿಕ್ಕಿನಲ್ಲಿ ನರ್ಸು ಬಾಗಿಲಿಗೆ ಬಂದು ಹನೂಮನ್? ಎಂದು ಕೂಗುತ್ತಾಳೆ, ಮುಂದಿನದನ್ನು ಓದಲಾರದೆ ನಗುತ್ತಾಳೆ, ಅವನು ಕೋತಿಯಂತೆ ಎದ್ದು ನಿಲ್ಲುತ್ತಾನೆ.

ಅಡ್ಡಹೆಸರು. ಆ ಪದ ಎಲ್ಲಿಂದ ಬಂತು ತಲೆಗೆ. ಕಾರು ಫ್ರೀವೇ ಇಳಿದು ಹೇವರ್ಡಿನ ಗೋದಾಮುಗಳ ಬೀದಿಗೆ ತಿರುಗುತ್ತಿತ್ತು. ಉದ್ದುದ್ದ ಬೂದು ಗೋಡೆಗಳು, ಕಿಟಕಿಯಿಲ್ಲ, ಲಾರಿಗಳು ಹಿಂಬದಿಯಿಂದ ಬಂದು ಅಂಟಿಕೊಂಡಿದ್ದವು. ಸಿದ್ರಾಮಪ್ಪ ಹೇಳಿದ್ದು ಅದು. ಅವನ ಆಫೀಸಿನ ಬಾಗಿಲಲ್ಲಿ, ಹೊಸ್ತಿಲಿನ ಹೊರಗೆ, ಕಾಲು ತೊಳೆದುಕೊಂಡು ಬಂದು ನಿಂತಿದ್ದ ಸಿದ್ರಾಮಪ್ಪ. ರಾಯಚೂರು ಕಡೆಯಿಂದ ಕೂಲಿಗೆ ಬಂದು ಊರಿನಲ್ಲಿ ಉಳಿದವನು, ಚಪ್ಪಡಿ ತೆಗೆದಾಗ ಒಳಗೆ ಇಳಿಯುತ್ತಿದ್ದವನು. ಹಾಜರಿ ಪುಸ್ತಕದಲ್ಲಿ ಇಬ್ಬರು ಸಿದ್ರಾಮಪ್ಪಗಳಿದ್ದರು, ಇನ್ನೊಬ್ಬ ನೀರು ಬಿಡುವವನು. ಪ್ರತಿ ತಿಂಗಳೂ ಗೊಂದಲ. ಒಂದು ಬೆಳಿಗ್ಗೆ ಹನುಮಂತರಾಜು ಕೆಂಪು ಪೆನ್ನು ತೆಗೆದು ಒಬ್ಬನ ಮುಂದೆ ನಲ್ಲಿ ಎಂದು ಬರೆದ, ಇನ್ನೊಬ್ಬನ ಮುಂದೆ ಮೋರಿ. ಸಿದ್ರಾಮಪ್ಪ ನಲ್ಲಿ, ಸಿದ್ರಾಮಪ್ಪ ಮೋರಿ. ಆಫೀಸೆಲ್ಲ ನಕ್ಕಿತ್ತು, ಅವನಿಗೂ ಚೂರು ಹೆಮ್ಮೆಯಾಗಿತ್ತು, ಇಷ್ಟು ಸುಲಭದ್ದು ಇಷ್ಟು ದಿನ ಹೊಳೆದಿರಲಿಲ್ಲವಲ್ಲ ಎಂದು. ಆಮೇಲೆ ಆ ಮನುಷ್ಯ ಮಗಳನ್ನು ಸ್ಕೂಲಿಗೆ ಸೇರಿಸಲು ಹೋದಾಗ ಹೆಡ್ ಮಾಸ್ತರು ಏನಾದರೂ ಕಾಗದ ತಾ ಎಂದರು. ಅವನ ಹತ್ತಿರ ಇದ್ದದ್ದು ಹಾಜರಿ ಪುಸ್ತಕ ನೋಡಿ ಪುರಸಭೆ ಬರೆದುಕೊಟ್ಟ ಗುರುತಿನ ಚೀಟಿ ಒಂದೇ. ಮಾಸ್ತರು ಅದರಲ್ಲಿದ್ದದ್ದನ್ನು ನೋಡಿ ದಾಖಲೆಗೆ ಏರಿಸಿದರು: ನೀಲವ್ವ ಮೋರಿ.

"ಸಾಹೇಬ್ರ, ಅದೊಂದು ತಗದು ಬಿಡ್ರಿ. ಹುಡುಗಿ ಸಾಲಿಗೆ ಹೋಗವಲ್ದು."

"ನಿಮ್ ಕಡೆ ಇಟ್ಕೊತೀರಲ್ಲಯ್ಯ, ಮೆಣಸಿನಕಾಯಿ, ಉಳ್ಳಾಗಡ್ಡಿ ಅಂತವ. ಇದೂ ಒಂದು ಅಡ್ಡೆಸ್ರು ಅಂದ್ಕೊ."

"ಅಡ್ಡಹೆಸ್ರು ಅಂದ್ರ ನಮ್ಮ ಕಡಿ ಮನಿ ಹೆಸ್ರು ರೀ, ಚ್ಯಾಷ್ಟಿ ಅಲ್ರಿ. ನಮ್ಮ ಮನಿ ಹೆಸ್ರು ಬ್ಯಾರೆ ಐತ್ರಿ."

ಆಮೇಲೆ ಆ ಹೆಸರು ಹೇಳಿದ್ದ. ಎದೆಗೆ ಕೈ ಇಟ್ಟುಕೊಂಡು, ಬಿಡಿಸಿ ಬಿಡಿಸಿ, ಸಾಹೇಬರು ಬರೆದುಕೊಳ್ಳಲಿ ಎಂದು ಎರಡು ಸಲ ಹೇಳಿದ್ದ. ಹನುಮಂತರಾಜು ಆಗ ಒಂದು ಕೊಳವೆಯ ಅಳತೆಯ ಲೆಕ್ಕದಲ್ಲಿದ್ದ. ನೋಡೋಣ ಹೋಗಯ್ಯ ಎಂದ. ಗುರುವಾರದಿಂದ ಅವನು ಆ ಹೆಸರನ್ನು ಹುಡುಕುತ್ತಿದ್ದ. ಹಲ್ಲುಜ್ಜುವಾಗ, ವಾಕಿಂಗಿನಲ್ಲಿ, ಗ್ರೋಸರಿ ಅಂಗಡಿಯ ಈರುಳ್ಳಿಯ ಮುಂದೆ ನಿಂತು. ನಾಲ್ಕಕ್ಷರದ್ದು. ಮಠ ಇತ್ತೇ ಅದರಲ್ಲಿ? ಗೌಡರ ಎಂದೇನಾದರೂ? ತುಟಿಗಳು ಅಲುಗಿದ್ದು ನೆನಪಿದೆ, ತೊಳೆದ ಕಾಲಿನ ಹಸಿ ಗುರುತು ಸಿಮೆಂಟಿನ ಮೇಲೆ ನೆನಪಿದೆ. ಶಬ್ದ ಮಾತ್ರ ಇಲ್ಲ.

ಗ್ರೆಗ್‌ನ ಅಪ್ಪ ಹೆನ್ರಿ ಮೋರಿ ಎಂದಿನಂತೆ ಕುರ್ಚಿಯಿಂದ ಏಳಲಿಲ್ಲ. ಎಂಬತ್ತೇಳು ವರ್ಷದ ಮುದುಕ, ಒಣಗಿದ ಶುಂಠಿಯಂಥ ಕೈಗಳು. ಅಪ್ಪನ ಕಾಲದಲ್ಲಿ ಮನೆಯ ಹಿಂದೆಲ್ಲ ಹೂವಿನ ಗಾಜಿನಮನೆಗಳಿದ್ದವಂತೆ. ಈಗ ಅಡುಗೆಮನೆಯ ಕಿಟಕಿಗೆ ಎದುರಾಗಿ ಗೋದಾಮಿನ ಗೋಡೆ. ಇಬ್ಬರೂ ಹನ್ನೆರಡು ವರ್ಷದಲ್ಲಿ ಒಬ್ಬರ ಹೆಸರನ್ನೊಬ್ಬರು ಉಚ್ಚರಿಸಿರಲಿಲ್ಲ. ಇವನು ಅವನನ್ನು ಮನಸ್ಸಿನಲ್ಲಿ ಮೋರಿ ಮುದುಕ ಎನ್ನುತ್ತಿದ್ದ. ಅವನು ಇವನನ್ನು ಏನೆನ್ನುತ್ತಿದ್ದನೋ. ಲಾಸ್ಯಾ ಡಬ್ಬಿಯಲ್ಲಿ ತಂದಿದ್ದ ಬಸ್ಸಾರನ್ನು ಹೆನ್ರಿ ತನ್ನ ಅಂಟಂಟು ಅನ್ನದ ಮೇಲೆ ಸುರಿದುಕೊಂಡು ಒಂದೂ ಮಾತಿಲ್ಲದೆ ತಿಂದ. ಎರಡನೆಯ ಸಲ ಸುರಿದುಕೊಂಡ. ಹನುಮಂತರಾಜುವಿಗೆ ಅದೂ ಸಿಟ್ಟೇ ಬಂತು. ನನ್ನ ಹೆಂಡತಿಯ ಕೈಯ ಅಡುಗೆ, ನನ್ನ ಮಗಳು ಕಲಿತದ್ದು, ಈ ಕುಳಕ್ಕೆ ಸೇರುತ್ತಿದೆ.

ನಿಸರ್ಗಾ ಚಾರ್ಟಿನ ರಬ್ಬರ್ ಬ್ಯಾಂಡು ತೆಗೆದು ಮಣಿಕಟ್ಟಿಗೆ ಹಾಕಿಕೊಂಡಳು. ಗೋಡೆಗೆ ಒತ್ತಿ ಹಿಡಿದು, ಟೀಚರಿನ ಮುಂದೆ ನಿಂತಂತೆ ಗಂಟಲು ಸರಿ ಮಾಡಿಕೊಂಡಳು. ತನ್ನ ಲಾಸ್ಟ್ ನೇಮು ಮೋರಿ, ಅದು ಜಪಾನಿನಿಂದ ಬಂದದ್ದು, ಅದರ ಅರ್ಥ ಕಾಡು.

"ಕಾಡು?" ಹೆನ್ರಿ ಇಂಗ್ಲಿಷಿನಲ್ಲಿ ಗುಡುಗಿದ. "ಯಾರು ಹೇಳಿದ್ದು ನಿನಗೆ ಕಾಡು ಅಂತ?"

ಗ್ರೆಗ್ ಆನ್‌ಲೈನಿನಲ್ಲಿ ನೋಡಿದೆ ಎಂದ.

"ಆನ್‌ಲೈನಿಗೆ ನಿನ್ನ ತಾತ ಗೊತ್ತಾ?"

ಆಮೇಲೆ ಆ ಮುದುಕ ಮಾತಾಡಿದ. ಹನುಮಂತರಾಜು ಅವನ ಬಾಯಿಂದ ಅಷ್ಟು ಮಾತು ಕೇಳಿದ್ದು ಅದೇ ಮೊದಲು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಮೋರಿಗೆ ಅರ್ಥವಿಲ್ಲ, ಅದು ಬರೀ ಶಬ್ದ. ಜಪಾನಿ ಲಿಪಿಯಲ್ಲಿ ಒಂದು ರೀತಿ ಬರೆದರೆ ಕಾಡು, ಇನ್ನೊಂದು ರೀತಿ ಬರೆದರೆ ಕಾವಲು, ಬೇರೆ ರೀತಿಗಳೂ ಇವೆ. ತಮ್ಮ ಮನೆಯದು ಯಾವುದೆಂದು ತನ್ನ ಅಪ್ಪನಿಗೆ ಗೊತ್ತಿತ್ತು. ಜಪಾನಿನ ಮೇಲೆ ಅಮೆರಿಕದ ಯುದ್ಧ ಶುರುವಾದ ಚಳಿಗಾಲ, ಪೊಲೀಸರು ಬರುತ್ತಾರೆಂದು ಜಪಾನಿ ಅಕ್ಷರವಿದ್ದದ್ದನ್ನೆಲ್ಲ ಅಪ್ಪ ಗಾಜಿನಮನೆಯ ಹಿಂದೆ ಎಣ್ಣೆಯ ಡ್ರಮ್ಮಿನಲ್ಲಿ ಹಾಕಿ ಸುಟ್ಟ. ಕಾಗದ, ಮನೆತನದ ದಾಖಲೆ, ಗೋಡೆಯ ಕ್ಯಾಲೆಂಡರು ಕೂಡ. ನನಗೆ ಮೂರು ವರ್ಷ, ಪಿಕ್ನಿಕ್ ಅಂದುಕೊಂಡೆ, ಅಂದ. ಪೊಲೀಸರು ಹೇಗೂ ಬಂದರು. ಸ್ಯಾನ್ ಬ್ರೂನೋದ ರೇಸ್ ಕೋರ್ಸಿನಲ್ಲಿ ಕುದುರೆ ಕಟ್ಟುವ ಲಾಯಕ್ಕೆ ಸುಣ್ಣ ಬಳಿದು ಜಪಾನಿ ಮೂಲದವರನ್ನೆಲ್ಲ ಅದರಲ್ಲಿ ಇಟ್ಟರು. ಸುಣ್ಣದ ಕೆಳಗಿಂದ ಲದ್ದಿಯ ವಾಸನೆ ಬರುತ್ತಿತ್ತು. ಕೋಟಿಗೆ ಒಂದು ಚೀಟಿ ಕಟ್ಟಿದ್ದರು, ಅದರಲ್ಲಿ ಹೆಸರಿಗಿಂತ ದೊಡ್ಡದಾಗಿ ಮನೆತನಕ್ಕೊಂದು ನಂಬರು. ಅದನ್ನು ಅವನು ಈಗಲೂ ತಡವರಿಸದೆ ಹೇಳಿದ: ಒಂದು ಮೂರು ಏಳು ಎಂಟು ನಾಲ್ಕು. "ಹೆಸರಿನ ಅಕ್ಷರ ಯಾವುದು ಅಂತ ಮಾತ್ರ ಅಪ್ಪನನ್ನು ಕೇಳಲಿಲ್ಲ. ಬೇಡವಾಗಿತ್ತು ನನಗೆ. ಅಪ್ಪ ಸತ್ತ ಮೇಲೆ ಬೇಕಾಯಿತು."

ಅರ್ಥ ಎಂದು ಬರೆದಿದ್ದ ಸಾಲಿನ ಮುಂದೆ ಹುಡುಗಿ ಮಾರ್ಕರು ಹಿಡಿದು ನಿಂತಿದ್ದಳು, ಕಾಡನ್ನು ಹೊಡೆದುಹಾಕಬೇಕೋ ಬೇಡವೋ ತಿಳಿಯದೆ. "ಕಮ್ ಆನ್," ಎಂದ ಹೆನ್ರಿ, "ಆ ಕಡೆದು ಓದು. ಅವರದ್ದೇನು?"

ಓದಬೇಡ ಮಗ. ಅವನ ಬಾಯಿಂದ ಅದು ಹೊರಬರಲಿಲ್ಲ.

ನಿಸರ್ಗಾ ಓದಿದಳು. ಕನ್ನಡದಲ್ಲಿ ಅದರ ಅರ್ಥ ಗಟರ್. ಕೊಳಕು ನೀರು ಹೋಗುವುದು, ಕಕ್ಕಸಿನದೂ. ಮೂಲ: ನನ್ನ ತಾತ.

ಗ್ರೆಗ್‌ನ ಚಮಚ ತಟ್ಟೆಯ ಅಂಚಿಗೆ ತಗುಲಿ ಸದ್ದಾಯಿತು. ಲಾಸ್ಯಾ ಮಾವನ ಕಡೆ ನೋಡಲಿಲ್ಲ, ಅಪ್ಪನ ಕಡೆ ನೋಡಿದಳು. ಆ ನೋಟದಲ್ಲಿ ಆಶ್ಚರ್ಯ ಇರಲಿಲ್ಲ. ಹೆನ್ರಿ ಬಾಯಿ ಒರೆಸಿಕೊಂಡು ಕುರ್ಚಿಯನ್ನು ಇವನ ಕಡೆ ತಿರುಗಿಸಿಕೊಂಡ.

"ಹನ್ನೆರಡು ವರ್ಷದಿಂದ ನನ್ನ ಮುಖ ನೋಡಿದಾಗಲೆಲ್ಲ ನೀನು ಅಂದುಕೊಳ್ಳುತ್ತಿದ್ದದ್ದು ಇದನ್ನಾ?"

ಸುಳ್ಳು ಹೇಳಲು ಬೇಕಾದಷ್ಟು ಇಂಗ್ಲಿಷು ಹನುಮಂತರಾಜುವಿಗೆ ಬರುತ್ತಿರಲಿಲ್ಲ. "ಯೆಸ್," ಎಂದ.

ಹೆನ್ರಿಯ ಭುಜ ಕುಲುಕಿತು. ಅದು ನಗುವೋ ಕೆಮ್ಮೋ ತಿಳಿಯಲಿಲ್ಲ. "ಬರಕೋ ಮಗೂ, ಹಾಗೇ ಇರಲಿ. ಅಂತೂ ಇದರ ಅರ್ಥ ಇದೇ ಅಂತ ಗ್ಯಾರಂಟಿಯಾಗಿ ಹೇಳಿದವನು ಇವನೊಬ್ಬ." ಅದರಲ್ಲಿ ಕ್ಷಮೆಯ ಸುಳಿವೂ ಇರಲಿಲ್ಲ. ಬಸ್ಸಾರಿನ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡು ತಳ ಕೆರೆಯತೊಡಗಿದ.

ಮುಗಿಯಿತು ಎಂದುಕೊಂಡ ಹನುಮಂತರಾಜು. ಆದದ್ದು ಇಷ್ಟೇ ತಾನೆ. ಮಧ್ವೇಶನಿಗೆ ಇದನ್ನು ಹೇಗೆ ಹೇಳಬೇಕೆಂದು ತಲೆಯಲ್ಲಿ ವಾಕ್ಯ ಕೂಡ ಶುರುವಾಗಿತ್ತು, ಕೇಳೋ ಇಲ್ಲಿ, ಆ ಮೋರಿ ಮುದುಕ ಏನಂದ ಗೊತ್ತಾ. ಆದರೆ ಚಾರ್ಟಿನಲ್ಲಿ ಇನ್ನೂ ಎರಡು ಸಾಲಿದ್ದವು. ಈ ಹೆಸರು ಯಾರಿಗಿತ್ತು, ಯಾರು ಕೊಟ್ಟರು. ಜಪಾನಿ ಕಡೆ ಯಾರಿಗಿತ್ತು ಎಂಬಲ್ಲಿ ಹೆನ್ರಿಯ ಅಪ್ಪನ ಹೆಸರು, ಯಾರು ಕೊಟ್ಟರು ಎಂಬಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಕನ್ನಡದ ಕಡೆ ಗುರುವಾರ ಅವನೇ ಹೇಳಿದ್ದನ್ನು ಹುಡುಗಿ ಓದಿದಳು: ಕನ್ನಡದಲ್ಲಿ ಈ ಹೆಸರು ಯಾರಿಗೂ ಇಲ್ಲ.

"ದಟ್ಸ್ ರಾಂಗ್, ಪುಟ್ಟಿ," ಎಂದಳು ಲಾಸ್ಯಾ.

ಅವಳು ಎದ್ದು ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು. ನಿಲ್ಲಿಸಲಿಲ್ಲ.

"ಇದ್ಲು ಒಬ್ಳು. ನೀಲವ್ವ ಮೋರಿ ಅಂತ. ನನ್ನ ಕ್ಲಾಸ್‌ಮೇಟು. ಅಲ್ವೇನಪ್ಪ?"

ಅವನು ನೀರಿನ ಲೋಟ ಎತ್ತಿಕೊಂಡ. ಖಾಲಿಯಾಗಿತ್ತು. ಖಾಲಿ ಲೋಟದಿಂದ ಕುಡಿದ.

"ಅಟೆಂಡೆನ್ಸ್ ಕರೆದಾಗ ಟೀಚರ್ ಮೋರಿ ಅಂದ ತಕ್ಷಣ ನಲವತ್ತು ಮಕ್ಕಳೂ ಹಿಂಗೆ," ಲಾಸ್ಯಾ ಎಡಗೈಯಲ್ಲಿ ಮೂಗು ಹಿಡಿದು ತೋರಿಸಿದಳು, ಬಲಗೈಯಲ್ಲಿ ತಟ್ಟೆಗಳಿದ್ದವು. "ನಾನೂನು. ನಾನು ಅವಳ ಪಕ್ಕದಲ್ಲೇ ಕೂರ್ತಿದ್ದೆ. ಡೈಲಿ. ಒಂದಿನ ಅವಳು ನನ್ನ ಕೇಳಿದ್ಲು, ನಿಮ್ಮಪ್ಪನೇ ಇಟ್ಟಿದ್ದಂತೆ, ನಿಮ್ಮಪ್ಪನೇ ತೆಗೀಬಹುದಂತೆ, ಹೇಳ್ತೀಯಾ ಅಂತ. ಹೇಳ್ತೀನಿ ಅಂದೆ. ಹೇಳ್ಲಿಲ್ಲ. ಆರನೇ ಕ್ಲಾಸಿಗೆ ಅವಳು ಬರಲೇ ಇಲ್ಲ."

"ಲಾಸ್ಯಾ, ಚಿಕ್ಕ ಹುಡ್ಗಿ ಮುಂದೆ ಇದೆಲ್ಲ ಯಾಕವ್ವ."

"ಚಿಕ್ಕ ಹುಡುಗಿಗೆ ಗಟರ್ ಅಂತ ಬರೆಸಿದ್ಯಲ್ಲಪ್ಪ, ಆಗ ಎಷ್ಟು ದೊಡ್ಡೋಳಾಗಿದ್ಲು?" ತಟ್ಟೆಗಳನ್ನು ಸಿಂಕಿನಲ್ಲಿ ಇಟ್ಟಳು. ಗ್ರೆಗ್ ಏನು ಮಾತೆಂದು ಹೆಂಡತಿಯ ಮುಖ ನೋಡುತ್ತಿದ್ದ, ಅವಳು ಇಂಗ್ಲಿಷಿಗೆ ತಿರುಗಿಸಲಿಲ್ಲ. "ಮದುವೆ ಫಾರ್ಮಲ್ಲಿ ಕೇಳಿದ್ರು, ಹೆಸರು ಚೇಂಜ್ ಮಾಡ್ಕೊತೀರಾ ಅಂತ. ಗ್ರೆಗ್ ಬೇಡ ಅಂದ, ಪಾಪ. ನಾನೇ ತಗೊಂಡೆ. ಇಲ್ಲಿ ದಿನಾ ಮೀಟಿಂಗಲ್ಲಿ ಯಾರಾದ್ರೂ ಮೋರಿ ಅಂತಾರೆ, ಒಬ್ರೂ ಮೂಗು ಮುಚ್ಕೊಳಲ್ಲ. ನಾನು ಕಾಯ್ತಾ ಇರ್ತೀನಿ. ನಿನ್ನ ಹೆಸರು ಹೋಯ್ತು ಅಂತ ಫ್ರೇಮು ಇಟ್ಕೊಂಡು ಕೂತಿದ್ಯಲ್ಲ. ಅವಳದ್ದೂ ಒಂದು ಹೆಸರಿತ್ತು. ಅವರ ಮನೇದು. ನಿಂಗೆ ಗೊತ್ತಿತ್ತಾ ಅದು?"

ಎರಡು ಸಲ ಹೇಳಿದ್ದ. ಎದೆಯ ಮೇಲೆ ಕೈ ಇಟ್ಟು. ನಾಲ್ಕಕ್ಷರ. ಸಿಮೆಂಟಿನ ಮೇಲೆ ಹಸಿ ಗುರುತು ಒಣಗುತ್ತಾ ಅಂಚಿನಿಂದ ಒಳಕ್ಕೆ ಸರಿಯುತ್ತಿತ್ತು. ಈ ಮುದುಕನ ಅಪ್ಪ ತನ್ನದನ್ನು ತಾನೇ ಸುಟ್ಟ, ಹೆದರಿಕೆಗೆ. ಹನುಮಂತರಾಜು ಯಾರ ಹೆದರಿಕೆಯೂ ಇಲ್ಲದೆ, ಫ್ಯಾನಿನ ಕೆಳಗೆ ಕೂತು, ಕಾಫಿ ಬರುವುದರೊಳಗೆ, ಇನ್ನೊಬ್ಬನದನ್ನು. ಚಪ್ಪಡಿ ತೆಗೆದಾಗ ಅವನು ದಡದಲ್ಲಿ ನಿಂತು ಕರ್ಚೀಫು ಮೂಗಿಗೆ ಹಿಡಿಯುತ್ತಿದ್ದ. ಒಳಗಿಂದ ಸಿದ್ರಾಮಪ್ಪನ ತಲೆ ಮಾತ್ರ ಕಾಣುತ್ತಿತ್ತು, ಮೇಲೆ ನೋಡಿ, ಇನ್ನೂ ಆಚಿಗಿ ಸರೀರಿ ಸಾಹೇಬ್ರ, ಸಿಡಿತೈತಿ ಎನ್ನುತ್ತಿದ್ದ.

"ಗೊತ್ತಿಲ್ಲ," ಎಂದ.

ನಿಸರ್ಗಾ ಕನ್ನಡವನ್ನೆಲ್ಲ ಕೇಳಿಸಿಕೊಂಡಿದ್ದಳು. ಅವಳಿಗೆ ಎಷ್ಟು ಅರ್ಥವಾಗುತ್ತದೆಂದು ಆ ಮನೆಯಲ್ಲಿ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಯಾರಿಗೂ ಇಲ್ಲ ಎಂಬುದನ್ನು ಅಡ್ಡಗೆರೆ ಎಳೆದು ಹೊಡೆದು, ಅಮ್ಮನನ್ನು ಕೇಳಿಕೊಂಡು, ಒಂದೊಂದೇ ಅಕ್ಷರವಾಗಿ ನೀಲವ್ವ ಎಂದು ಬರೆದಳು. ಆಮೇಲೆ ಕೊನೆಯ ಖಾನೆಗೆ ಮಾರ್ಕರಿನ ತುದಿ ಇಟ್ಟು ತಿರುಗಿದಳು.

"ಸೋ, ಹೂ ಗೇವ್ ಇಟ್?"

"ಯಾರೋ ಒಬ್ಬ ಕ್ಲರ್ಕು," ಎಂದ ಹನುಮಂತರಾಜು.

ಲಾಸ್ಯಾ ನಲ್ಲಿ ನಿಲ್ಲಿಸಿದಳು. ಬೆನ್ನು ಹಾಕಿಯೇ ನಿಂತಿದ್ದಳು, ಕಿಟಕಿಯಾಚೆಯ ಬೂದು ಗೋಡೆಯ ಕಡೆಗೆ. ಹುಡುಗಿ ಕ್ಲರ್ಕ್ ಎಂಬುದರ ಮೊದಲ ಅಕ್ಷರಕ್ಕೆ ಕೈ ಬಾಗಿಸಿದ್ದಳು.

"ತಡಿ ಮಗ. ಬರೀಬ್ಯಾಡ." ಅವನು ಖಾಲಿ ಲೋಟ ಕೆಳಗಿಟ್ಟ. "ಕ್ಲರ್ಕಲ್ಲ. ನಾನೇ."

ಹುಡುಗಿಯ ಮುಖದಲ್ಲಿ ಏನೂ ಆಗಲಿಲ್ಲ. ಅವಳಿಗದು ತುಂಬಬೇಕಾದ ಒಂದು ಖಾನೆ. "ಓಕೆ. ಫುಲ್ ನೇಮ್, ತಾತ. ಸ್ಪೆಲ್ ಇಟ್."

ಇಷ್ಟು ವರ್ಷಗಳಲ್ಲಿ ಈ ದೇಶದಲ್ಲಿ ಯಾರೂ ಅವನಿಗೆ ಹಾಗೆ ಕೇಳಿರಲಿಲ್ಲ. ಅವನು ಎದ್ದು ಚಾರ್ಟಿನ ಹತ್ತಿರ ಹೋದ, ಕನ್ನಡಕ ಹಾಕಿಕೊಂಡ. ಎಚ್ ಎಂದ. ಎ ಎಂದ. ಎನ್. ಯು. ಅವಳು ಒಂದೊಂದನ್ನೂ ಅವನ ಬಾಯಿ ನೋಡಿಕೊಂಡು ಬರೆದಳು, ಅವಸರವಿಲ್ಲದೆ, ಒಂದೇ ಎತ್ತರಕ್ಕೆ. ಟಿ ಆದ ಮೇಲೆ ಎಚ್ ಇದೆ ಎಂದು ಅವನು ನೆನಪಿಸಬೇಕಾಗಲಿಲ್ಲ, ಅವನು ಬಾಯಿ ತೆರೆಯುವಷ್ಟರಲ್ಲಿ ಅವಳೇ ತಲೆಯಾಡಿಸಿ ಬರೆದಳು. ಖಾನೆ ಮುಗಿಯುತ್ತಾ ಬಂದಂತೆ ಅಕ್ಷರಗಳನ್ನು ತುಸು ಒತ್ತಿ ಬರೆದಳು. ಇಷ್ಟೂ ಒಬ್ಬನೇ ಮನುಷ್ಯನ ಹೆಸರಾ ಎಂದ ಹೆನ್ರಿ ಹಿಂದಿನಿಂದ. ಜೆ. ಯು. ಹಸಿರು ಶಾಯಿ ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು. ಹದಿನಾಲ್ಕು ಅಕ್ಷರ, ಒಂದೂ ತಪ್ಪಿರಲಿಲ್ಲ.

ಲಾಸ್ಯಾ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ಮಗಳ ಭುಜದ ಮೇಲಿಂದ ಬಾಗಿ ಓದಿದಳು.

"ನೋಡಪ್ಪ," ಎಂದಳು. "ಪೂರ್ತಿ ಹಿಡಿಸ್ತು."